ಬೆನ್ನಿನ ಪೀರಿಯಡ್

ಮಧ್ಯಾಹ್ನದ ಊಟ ಮುಗಿಸಿ ಬರುವ ಮೂರನೇ ಕ್ಲಾಸನ್ನು ನೋಡದವರು ಶಿಕ್ಷಣದ ಬಗ್ಗೆ ಭಾಷಣ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಒಬ್ಬನ ಕಾಲರ್ ಹರಿದಿರುತ್ತದೆ, ಒಬ್ಬಳ ಕ್ಲಿಪ್ಪು ಕಳೆದಿರುತ್ತದೆ, ಇನ್ನೊಬ್ಬನಿಗೆ ಹೊಟ್ಟೆನೋವು, ಆ ಹೊಟ್ಟೆನೋವು ಸುಳ್ಳು ಎಂದು ಸಾಕ್ಷಿ ಹೇಳಲು ನಾಲ್ಕು ಜನ. ಅಂಥ ಹೊತ್ತಿನಲ್ಲಿ ಗುಣಾಕಾರ ಹೇಳಿಕೊಡುವುದೆಂದರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ನಾನು ವರ್ಷಗಟ್ಟಲೆ ಬಾರಿಸಿದ್ದೇನೆ. ಕೋಣಗಳದ್ದೇನೂ ತಪ್ಪಿರಲಿಲ್ಲ, ಹೊತ್ತು ಸರಿಯಿರಲಿಲ್ಲ.

ಈಗ ಆ ಹೊತ್ತಿಗೆ ನನ್ನ ಕ್ಲಾಸಿನ ಬಾಗಿಲು ತೆಗೆದು ನೋಡಿ. ಮಕ್ಕಳು ಜೋಡಿ ಜೋಡಿಯಾಗಿರುತ್ತಾರೆ. ಒಂದು ಮಗು ಕುರ್ಚಿ ತಿರುಗಿಸಿ ಹಾಕಿಕೊಂಡು, ಅದರ ಒರಗಿನ ಮೇಲೆ ಕೈ ಮಡಚಿಟ್ಟು, ಕೈಮೇಲೆ ಗಲ್ಲ ಊರಿ ಕೂತಿರುತ್ತದೆ. ಇನ್ನೊಂದು ಹಿಂದೆ ನಿಂತು, ಯೂನಿಫಾರ್ಮಿನ ಮೇಲಿಂದಲೇ ಅದರ ಬೆನ್ನು ನೀವುತ್ತಿರುತ್ತದೆ. ಭುಜದಿಂದ ಕೆಳಕ್ಕೆ ಅಂಗೈ ಅಗಲಿಸಿ ಎಳೆದರೆ ಅದು 'ಇಸ್ತ್ರಿ'. ಬೆರಳ ತುದಿಗಳನ್ನು ಪಟಪಟ ಉದುರಿಸಿದರೆ 'ಮಳೆ'. ಒಂದಾದ ಮೇಲೊಂದು ಅಂಗೈಯನ್ನು ಮೆತ್ತಗೆ ಊರುತ್ತಾ ಹೋದರೆ 'ಬೆಕ್ಕು'. ಹೆಸರುಗಳೆಲ್ಲ ಮಕ್ಕಳೇ ಇಟ್ಟದ್ದು. ರಜೆಯ ತರಬೇತಿಯಲ್ಲಿ ಒಬ್ಬರು ಫಿಸಿಯೋಥೆರಪಿಸ್ಟ್ ಇದನ್ನು ಹೇಳಿಕೊಟ್ಟಾಗ ಟೀಚರುಗಳೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದರು. ನಾನೂ ನಕ್ಕೆ. ಆದರೆ ನಗುನಗುತ್ತಲೇ ನನ್ನ ಹಿಂದೆ ನಿಂತ ಟೀಚರು ನನ್ನ ಬೆನ್ನಿನ ಮೇಲೆ ಇಸ್ತ್ರಿ ಎಳೆದಾಗ, ಎಷ್ಟೋ ಕಾಲದಿಂದ ಹೊತ್ತುಕೊಂಡಿದ್ದ ಯಾವುದೋ ಮೂಟೆಯನ್ನು ಯಾರೋ ಇಳಿಸಿಕೊಂಡ ಹಾಗಾಯಿತು. ಅವತ್ತೇ ತೀರ್ಮಾನಿಸಿದೆ, ಇದು ನನ್ನ ಕ್ಲಾಸಿಗೆ ಬರಲೇಬೇಕು ಅಂತ.

ಇದಕ್ಕೆ ಒಂದೇ ಒಂದು ಕಟ್ಟುನಿಟ್ಟು. ಮುಟ್ಟುವ ಮೊದಲು ಕೇಳಬೇಕು: "ಮುಟ್ಟಲಾ?" ಆ ಕಡೆಯಿಂದ "ಹೂಂ" ಬಂದರೆ ಸರಿ. "ಬೇಡ" ಬಂದರೆ "ಸರಿ" ಅಂದು ಕೈ ಹಿಂದಕ್ಕೆ. ಯಾಕೆ ಅಂತ ಕೇಳುವ ಹಾಗಿಲ್ಲ, ಮುಖ ಊದಿಸುವ ಹಾಗಿಲ್ಲ, 'ನಿನ್ನೆ ನಾನು ಮಾಡಲಿಲ್ವಾ' ಅಂತ ಹಳೇ ಲೆಕ್ಕ ತೆಗೆಯುವ ಹಾಗಂತೂ ಇಲ್ಲವೇ ಇಲ್ಲ. ಮೊದಲ ವಾರ ಈ ಕಟ್ಟುನಿಟ್ಟನ್ನು ಕಲಿಸುವುದರಲ್ಲೇ ನನ್ನ ಗಂಟಲು ಕಟ್ಟಿತು. ಆಮೇಲೆ ಅದು ತಾನಾಗಿಯೇ ಕ್ಲಾಸಿನ ಹೊರಗೂ ನಡೆಯಿತು. ನಲ್ಲಿಯ ಮುಂದಿನ ಸಾಲಿನಲ್ಲಿ ತಳ್ಳಾಟ ಕಡಿಮೆಯಾಯಿತು. ಹೊಟ್ಟೆನೋವಿನವರು ವಿರಳವಾದರು. ಬೆನ್ನಿನ ಪೀರಿಯಡ್ ಮುಗಿಸಿ ಗುಣಾಕಾರ ಶುರುಮಾಡಿದರೆ ಒಳಕ್ಕೆ ಇಳಿಯುತ್ತಿತ್ತು. ನಾನು ಜಂಬದಿಂದಲೇ ಹೇಳುತ್ತಿದ್ದೇನೆ. ಜಂಬ ಪಡುವಂಥದ್ದನ್ನು ಮಾಡಿ ವಿನಯ ತೋರಿಸುವುದು ನನ್ನ ಜಾಯಮಾನವಲ್ಲ.

ಆದರೆ ನನ್ನ ನಿಜವಾದ ಜಂಬ ಏಡಿ.

ಏಡಿ ಅನ್ನುವುದು ಮಕ್ಕಳಿಟ್ಟ ಹೆಸರು. ಅವಳು ಚಿವುಟುತ್ತಿದ್ದಳು. ಸುಮ್ಮಸುಮ್ಮನೆ ಅಲ್ಲ, ಯಾರಾದರೂ ಹಿಂದಿನಿಂದ ಮುಟ್ಟಿದರೆ ಸಾಕು, ತಿರುಗಿಯೂ ನೋಡದೆ ಉಗುರು ಊರುತ್ತಿದ್ದಳು. ಆ ಹೆಸರು ಅವಳಿಗೆ ಬೇಜಾರಿರಲಿಲ್ಲ. ಬ್ಯಾಗಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ದೊಡ್ಡ ಏಡಿಯನ್ನು ತಾನೇ ಬರೆದುಕೊಂಡಿದ್ದಳು. ನಡೆಯುವಾಗ ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಹುಟ್ಟಿನಿಂದ ಸೊಂಟದ ಮೂಳೆಯ ತೊಂದರೆ, ಆಪರೇಷನ್ ಮೇಲೆ ಆಪರೇಷನ್. ಅವಳಮ್ಮ ಬಸ್ ಕಂಡಕ್ಟರ್. ಒಂದು ಸಲ ಟಿಕೆಟ್ ಮೆಷಿನ್ನು ಹೆಗಲಿಗೆ ಹಾಕಿಕೊಂಡೇ ನನ್ನ ಹತ್ತಿರ ಬಂದು ಹೇಳಿದ್ದರು: "ಆಸ್ಪತ್ರೇಲಿ 'ಏನೂ ಆಗಲ್ಲ ಕಂದಾ' ಅಂತ ಹೇಳ್ತಾ ಹೇಳ್ತಾನೇ ಸೂಜಿ ಚುಚ್ಚೋರು ಟೀಚರ್. ನಾನೂ ಹಾಗೇ ಹೇಳಿ ಅದರ ಕೈಕಾಲು ಅಮುಕಿ ಹಿಡ್ಕೊಂಡಿದ್ದೀನಿ. ಇನ್ನೇನು ಮಾಡ್ಲಿ ಹೇಳಿ? ಈಗ ತಲೆ ಬಾಚೋಕೆ ಹೋದ್ರೂ ನಂಗೇ ಚಿವುಟುತ್ತೆ."

ಹೆಡ್ ಮೇಡಂ ಕೆಟ್ಟವರಲ್ಲ. ಆದರೆ ಅವರ ಕೋಣೆಗೆ ದಿನಾ ಒಬ್ಬರಲ್ಲ ಒಬ್ಬರು ತಮ್ಮ ಮಗುವಿನ ತೋಳು ತೋರಿಸಲು ಬರುತ್ತಿದ್ದರು. "ಇನ್ನೊಂದು ಉಗುರಿನ ಗುರುತು ಕಂಡರೆ ಆ ಹುಡುಗಿಯನ್ನ ನಾನು ಇಲ್ಲಿ ಇಟ್ಕೊಳ್ಳೋಕಾಗಲ್ಲ," ಅಂದರು ನನಗೆ. ಬೆನ್ನಿನ ಪೀರಿಯಡ್ ಶುರುವಾದದ್ದು ಅದಾದ ಮೇಲೆ. ಆಮೇಲೆ ಒಂದೇ ಒಂದು ಗುರುತು ಕಂಡಿಲ್ಲ.

ಏಡಿ ಬೆನ್ನು ನೀವಿಸಿಕೊಂಡಳು ಅಂದುಕೊಳ್ಳಬೇಡಿ. ಒಂದು ದಿನವೂ ಇಲ್ಲ. ಅವಳ ಜೊತೆಗಾರ ಟ್ಯೂಬು. ಅಪ್ಪನದು ಟೈರ್ ಅಂಗಡಿ, ಮಗ ದುಂಡಗೆ ಇದ್ದಾನೆ, ಹಾಗಾಗಿ ಆ ಹೆಸರು. ಟ್ಯೂಬು ದಿನಾ ಅವಳ ಹಿಂದೆ ನಿಂತು ಮೆತ್ತಗೆ ಕೇಳುವನು: "ಮುಟ್ಟಲಾ?" ಏಡಿ ಗೇಟಿನ ತನಕ ಕೇಳುವ ಹಾಗೆ ಕೂಗುವಳು: "ಬೇಡ!" ಇವನು "ಸರಿ" ಅಂದು ಮೇಜಿನ ಮೇಲೆ ಮಳೆ ಸುರಿಸುತ್ತಾ ಅವಳ ಬೆನ್ನು ನೋಡಿಕೊಂಡು ನಿಲ್ಲುವನು. ಅವಳು ತನ್ನ ಬ್ಯಾಗನ್ನು ಎದುರಿಗಿಟ್ಟುಕೊಂಡು, ಅದರ ಮೇಲಿನ ಏಡಿಗೆ ಬಲು ನಾಜೂಕಾಗಿ ಇಸ್ತ್ರಿ, ಮಳೆ, ಬೆಕ್ಕು ಎಲ್ಲಾ ಮಾಡುವಳು. ದಿನಾ ಯಾರೋ ತನ್ನನ್ನು ಕೇಳುತ್ತಾರೆ, ತಾನು ಬೇಡ ಅಂದರೆ ಆ ಕೈ ನಿಜವಾಗಿಯೂ ಹಿಂದಕ್ಕೆ ಹೋಗುತ್ತದೆ. ಅವಳ ಉಗುರಿಗೆ ಕೆಲಸ ತಪ್ಪಿದ್ದು ಇದರಿಂದ. ಬೇರೆ ಮಕ್ಕಳಿಗೆ ಬೆನ್ನು ನೀವಿದ್ದರಿಂದ ಆದ ಗುಣ, ಇವಳಿಗೆ ನೀವದೇ ಆಯಿತು.

ಇಷ್ಟರಲ್ಲಿ ಪೋಷಕರ ಸಭೆ ಬಂತು. ಪೋಷಕರ ಸಮಿತಿಯ ಅಧ್ಯಕ್ಷರು ಬೇರೆ ಯಾರೂ ಅಲ್ಲ, ಟ್ಯೂಬಿನ ಅಪ್ಪ. ಅಗಲ ಭುಜದ ಆಳು. ದಿನವಿಡೀ ಲಾರಿ ಟೈರು ಎತ್ತಿ ಇಳಿಸಿ, ಕತ್ತು ತಿರುಗಿಸಬೇಕೆಂದರೆ ಇಡೀ ಮೈಯನ್ನೇ ತಿರುಗಿಸುತ್ತಿದ್ದರು. ಎದ್ದು ನಿಂತವರೇ ಶುರುಮಾಡಿದರು.

"ಗಣಿತದಲ್ಲಿ ಮಾರ್ಕ್ಸ್ ಇಲ್ಲ, ಇಲ್ಲಿ ಮಸಾಜು! ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂ ಅಂದ ಹಾಗೆ. ಮೊನ್ನೆ ಅಂಗಡೀಲಿ ಕೂತಿದ್ದೀನಿ, ಗಿರಾಕಿಗಳು ತುಂಬಿದ್ದಾರೆ, ನನ್ನ ಮಗ ಹಿಂದೆ ಬಂದು ನಿಂತು 'ಅಪ್ಪಾ, ಮುಟ್ಟಲಾ?' ಅಂತಾನೆ. ಎಲ್ಲರೂ ನಕ್ಕರು. ಸ್ವಂತ ಅಪ್ಪನ್ನ ಮುಟ್ಟೋಕೆ ಪರ್ಮಿಷನ್ನಾ?"

"ಕೇಳಿದನಲ್ಲ, ನೀವೇನಂದ್ರಿ?" ಅಂದೆ.

"ಹೋಗಿ ಓದ್ಕೋ ಅಂದೆ. ಇನ್ನೇನನ್ಲಿ?"

ಸಭೆ ನಕ್ಕಿತು. ಆದರೆ ಮನುಷ್ಯ ದಡ್ಡರಲ್ಲ. ನಗು ನಿಲ್ಲುವ ತನಕ ಕಾದು, ನನ್ನ ಕಡೆ ಇಡೀ ಮೈ ತಿರುಗಿಸಿ ಕೇಳಿದರು: "ಅದಿರಲಿ ಟೀಚರ್. ನೀವು 'ಮಾಡಿ' ಅಂದ ಮೇಲೆ ಯಾವ ಮಗು ಬೇಡ ಅನ್ನುತ್ತೆ? ಮಕ್ಕಳಿಗೆ ಟೀಚರ್ ಭಯ ಇರಲ್ವಾ? ಇಷ್ಟ ಇಲ್ಲದ ಮಗುವಿನ ಗತಿ ಏನು?"

ಪ್ರಶ್ನೆ ಸರಿಯಾಗಿತ್ತು. ಸರಿಯಾದ ಪ್ರಶ್ನೆಗೆ ನನಗೆ ಸಿಟ್ಟು ಜಾಸ್ತಿ ಬರುತ್ತದೆ. "ನನ್ನ ಕ್ಲಾಸಲ್ಲಿ 'ಬೇಡ' ಅನ್ನೋದು ಮೈಕ್ ಇಲ್ಲದೇ ಗೇಟಿನ ತನಕ ಕೇಳುತ್ತೆ ಯಜಮಾನ್ರೇ. ಬಂದು ಕಿವಿಯಾರೆ ಕೇಳಿ," ಅಂದೆ.

ಹೆಡ್ ಮೇಡಂ ಅಲ್ಲೇ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. ಗುರುವಾರ ಯಜಮಾನರು ಬಂದು ನೋಡುವುದು. ಒಪ್ಪಿದರೆ ಪೀರಿಯಡ್ ಇರುತ್ತದೆ. ಒಪ್ಪದಿದ್ದರೆ ಆ ಹೊತ್ತು ಗಣಿತದ ಅಭ್ಯಾಸಕ್ಕೆ ಹೋಗುತ್ತದೆ. ನನಗೆ ಕಂಡದ್ದು ಒಂದೇ: ಪೀರಿಯಡ್ ಹೋದರೆ ಏಡಿಯ ಉಗುರು ಮತ್ತೆ ಬರುತ್ತದೆ, ಉಗುರು ಬಂದರೆ ಏಡಿ ಹೋಗುತ್ತಾಳೆ.

ಆದರೂ ಹೆದರಿಕೆಯಾಗಲಿಲ್ಲ. ಮಕ್ಕಳಿಗೆ ವಿಶೇಷ ತಾಲೀಮು ಕೊಡಲಿಲ್ಲ. ಗೋಡೆಗೆ ಹೊಸ ಚಿತ್ರ ಅಂಟಿಸಲಿಲ್ಲ. ದಿನಾ ಹೇಗೋ ಹಾಗೆ ತೋರಿಸಿದರೆ ಸಾಕು ಅನ್ನುವ ಧೈರ್ಯ ನನ್ನದು.

ಗುರುವಾರ ಊಟದ ಬೆಲ್ಲಿನ ನಂತರ ಯಜಮಾನರು ಬಂದರು. ಇಸ್ತ್ರಿ ಮಾಡಿದ ಶರ್ಟು, ಉಗುರ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಟೈರಿನ ಕಪ್ಪು. ಹೆಡ್ ಮೇಡಂ ಬಾಗಿಲ ಪಕ್ಕ ನಿಂತರು. ಇವರಿಗೆ ಕೂರಲು ದೊಡ್ಡ ಕುರ್ಚಿ ತರಿಸಬೇಕಿತ್ತು, ನಾನು ಬೇಕೆಂದೇ ಮಕ್ಕಳ ಕುರ್ಚಿ ಕೊಟ್ಟೆ. ಕೂತಾಗ ಮಂಡಿ ಎದೆಗೆ ಬಂತು.

"ಶುರುಮಾಡಿ," ಅಂದೆ. ಕುರ್ಚಿಗಳು ತಿರುಗಿದವು. ಕ್ಲಾಸಿನ ತುಂಬ "ಮುಟ್ಟಲಾ?" "ಮುಟ್ಟಲಾ?" ಎದ್ದಿತು.

"ಹೂಂ." "ಹೂಂ." "ಹೂಂ."

ಎಲ್ಲಾ ಹೂಂ. ಮಾಮೂಲಿ ದಿನ ನಾಲ್ಕೈದು ಬೇಡ ಇದ್ದೇ ಇರುತ್ತದೆ. ಶೀತ ಆದವನೊಬ್ಬ, ಆಟದಲ್ಲಿ ಜಗಳವಾಡಿ ಬಂದವಳೊಬ್ಬಳು, ಸುಮ್ಮನೆ ಇವತ್ತು ಬೇಡ ಅನ್ನುವವರಿಬ್ಬರು. ಇವತ್ತು ಅದೇನೂ ಇಲ್ಲ. ಮೂಗು ಸೋರಿಸಿಕೊಂಡೇ ಹೂಂ ಅಂದವನನ್ನು ನೋಡಿ ನನಗೆ ಯಾಕೋ ಸರಿಬರಲಿಲ್ಲ. ಇರಲಿ, ಏಡಿ ಇದ್ದಾಳಲ್ಲ, ಅವಳೊಬ್ಬಳು ಕೂಗಿದರೆ ಸಾಕು ಅಂದುಕೊಂಡೆ.

"ಮುಟ್ಟಲಾ?" ಅಂದ ಟ್ಯೂಬು.

"ಹೂಂ," ಅಂದಳು ಏಡಿ.

ಯಜಮಾನರು ಇಡೀ ಮೈ ತಿರುಗಿಸಿ ನನ್ನನ್ನು ನೋಡಿದರು. "ಎಲ್ಲಿ ಟೀಚರ್ ನಿಮ್ಮ ಬೇಡ?"

ನಾನು ಏಡಿಯನ್ನೇ ನೋಡುತ್ತಿದ್ದೆ. ಭುಜಗಳೆರಡೂ ಕಿವಿಗೆ ತಾಗಿದ್ದವು. ಕುರ್ಚಿಯ ಒರಗನ್ನು ಹಿಡಿದ ಬೆರಳುಗಳು ಬೆಳ್ಳಗಾಗಿದ್ದವು. ಕಣ್ಣು ಗಟ್ಟಿಯಾಗಿ ಮುಚ್ಚಿದ್ದಳು. 'ಏನೂ ಆಗಲ್ಲ ಕಂದಾ' ಅಂದಾಗ ಆ ಆಸ್ಪತ್ರೆಯ ಮಂಚದ ಮೇಲೆ ಅವಳು ಹೀಗೇ ಮಲಗಿದ್ದಿರಬೇಕು. ಅವಳ ಜಾಗ ಉಳಿಸಿದ ಪೀರಿಯಡ್ಡನ್ನು ಉಳಿಸಲು ಅವಳೇ ಹಲ್ಲು ಕಚ್ಚಿ ಕೂತಿದ್ದಾಳೆ. ನಿಲ್ಲಿಸಿ ಅನ್ನಲು ಬಾಯಿ ತೆರೆದೆ.

ಅಷ್ಟರಲ್ಲಿ ಟ್ಯೂಬು ಚಾಚಿದ್ದ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡು ಬೆನ್ನ ಹಿಂದೆ ಬಚ್ಚಿಟ್ಟ.

"ಟೀಚರ್, ಇವಳು ಬಾಯಲ್ಲಿ ಹೂಂ ಅಂದ್ಳು. ಬೆನ್ನು ಬೇಡ ಅಂತಿದೆ."

ಕ್ಲಾಸೆಲ್ಲ ನಿಂತುಹೋಯಿತು. ಇಸ್ತ್ರಿ ನಿಂತಿತು, ಮಳೆ ನಿಂತಿತು.

"ಏಯ್," ಅಂದರು ಯಜಮಾನರು ಕೂತಲ್ಲಿಂದಲೇ. "ಹೂಂ ಅಂದ್ಳಲ್ಲೋ. ಮಾಡೋ."

"ಇಲ್ಲಪ್ಪ. ಭುಜ ನೋಡು ಎಲ್ಲಿದೆ ಅಂತ. ದಿನಾ ಅಲ್ಲಿರಲ್ಲ."

"ನಿಂಗೆ ಹೆಂಗೋ ಗೊತ್ತು?"

"ದಿನಾ ನೋಡ್ತೀನಲ್ಲ."

ಮೊದಲ ಸಾಲಿನಲ್ಲಿದ್ದ ಮಾನಿಟರ್ ಹುಡುಗಿಗೆ ತಡೆಯಲಾಗಲಿಲ್ಲ. ಅಳುತ್ತಳುತ್ತಾ ಎದ್ದು ನಿಂತಳು. "ನಾನೇ ಹೇಳಿದ್ದು ಟೀಚರ್. ಇವತ್ತು ಯಾರೂ ಬೇಡ ಅನ್ನಬಾರದು, ಬೇಡ ಅಂದ್ರೆ ಪೀರಿಯಡ್ ಹೋಗುತ್ತೆ ಅಂತ. ಏಡಿಗೂ ಹೇಳ್ದೆ. ಅವಳು ಆಯ್ತು ಅಂದ್ಳು."

ನೋಡಿ, ಬಡ್ಡಿಮಕ್ಕಳ ಬುದ್ಧಿವಂತಿಕೆ! ಬೇಡ ಅನ್ನುವುದನ್ನು ಕಲಿಸಿದ ಪೀರಿಯಡ್ಡನ್ನು ಉಳಿಸಲು, ಬೇಡ ಅನ್ನಬಾರದು ಅಂತ ಕಟ್ಟಪ್ಪಣೆ. ಇಂಥ ತಪ್ಪನ್ನು ನನ್ನ ಮಕ್ಕಳು ಮಾತ್ರ ಮಾಡಬಲ್ಲರು. ಬಯ್ಯಬೇಕೋ ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ. ಎರಡೂ ಮಾಡಲಿಲ್ಲ.

"ಟ್ಯೂಬು, ಇನ್ನೊಂದ್ಸಲ ಕೇಳು," ಅಂದೆ.

"ಮುಟ್ಟಲಾ?"

ಏಡಿ ಕಣ್ಣು ಬಿಟ್ಟು ನನ್ನನ್ನು ನೋಡಿದಳು. "ಪೀರಿಯಡ್ ಹೋಗುತ್ತೆ ಟೀಚರ್," ಅಂದಳು, ನನಗೆ ಮಾತ್ರ ಕೇಳುವಷ್ಟು ಸಣ್ಣಗೆ.

"ಹೋದ್ರೆ ಹೋಗ್ಲಿ ಮರಿ. ನಿನಗೆ ಏನು ಅನ್ನಿಸುತ್ತೋ ಅದು ಹೇಳು."

ಅವಳು ಒಮ್ಮೆ ಮೂಗೇರಿಸಿ ಉಸಿರೆಳೆದುಕೊಂಡಳು.

"ಬೇಡ!"

ಗೇಟಿನ ಹತ್ತಿರ ಕೂತಿದ್ದ ವಾಚ್‌ಮನ್ ಎದ್ದು ನಿಂತು ಈ ಕಡೆ ನೋಡಿದ್ದನ್ನು ನಾನು ಕಿಟಕಿಯಿಂದ ಕಂಡೆ.

"ಸರಿ," ಅಂದ ಟ್ಯೂಬು. ಏಡಿಯ ಭುಜಗಳು ಕಿವಿ ಬಿಟ್ಟು ಕೆಳಗಿಳಿದವು. ಅಷ್ಟೇ ಸಾಕಾಗಿತ್ತು, ಸುತ್ತಲಿಂದ "ನಂಗೂ ಬೇಡ ಟೀಚರ್, ಶೀತ ಆಗಿದೆ," "ನಂಗೂ ಇವತ್ತು ಬೇಡ, ಇವಳ ಜೊತೆ ಟೂ ಬಿಟ್ಟಿದೀನಿ," ಅಂತ ನಲ್ಲಿ ಬಿಚ್ಚಿದ ಹಾಗೆ ಬೇಡಗಳು ಸುರಿದವು. ಒಂದೊಂದು ಬೇಡಕ್ಕೂ ಒಂದೊಂದು "ಸರಿ". ನಾನು ಯಜಮಾನರ ಕಡೆ ತಿರುಗಿದೆ. "ಸಾಕಾ, ಇನ್ನೂ ಬೇಕಾ?" ಅಂತ ನಾಲಿಗೆಯ ತುದಿಗೆ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ.

ಅವರು ನನ್ನನ್ನಾಗಲೀ ಏಡಿಯನ್ನಾಗಲೀ ನೋಡುತ್ತಿರಲಿಲ್ಲ, ತಮ್ಮ ಮಗನನ್ನು ನೋಡುತ್ತಿದ್ದರು. ಗಣಿತದಲ್ಲಿ ಹಿಂದೆ, ಓಟದಲ್ಲಿ ಹಿಂದೆ, ಗಿರಾಕಿಗಳ ಮುಂದೆ ಮಾನ ಕಳೆದವನು ಅಂದುಕೊಂಡಿದ್ದ ಹುಡುಗ. ಅವನು ಮಾತ್ರ ಏನೂ ಆಗದವನ ಹಾಗೆ ಮೇಜಿನ ಮೇಲೆ ಮಳೆ ಸುರಿಸಲು ಶುರುಮಾಡಿದ್ದ.

"ಬಾರೋ ಇಲ್ಲಿ," ಅಂದರು.

ಟ್ಯೂಬು ಹೋಗಿ ಕೈ ಕಟ್ಟಿ ನಿಂತ. ಬೈಗುಳ ಬರುತ್ತದೆ ಅಂತ ಅವನೂ ಅಂದುಕೊಂಡ, ನಾನೂ ಅಂದುಕೊಂಡೆ. ಯಜಮಾನರು ಪ್ರಯಾಸದಿಂದ ಎದ್ದು, ಆ ಪುಟ್ಟ ಕುರ್ಚಿಯನ್ನು ತಿರುಗಿಸಿ ಹಾಕಿ, ಮತ್ತೆ ಕೂತು, ಒರಗಿನ ಮೇಲೆ ಕೈ ಮಡಚಿಟ್ಟರು. ಕುರ್ಚಿ ಕಿರ್ರೆಂದಿತು.

"ಅವತ್ತು ಅಂಗಡೀಲಿ ಏನೋ ಕೇಳಿದ್ಯಲ್ಲ," ಅಂದರು, ಗೋಡೆಯ ಕಡೆ ಮುಖ ಮಾಡಿಕೊಂಡೇ. "ಇನ್ನೊಂದ್ಸಲ ಕೇಳು."

"ಅಪ್ಪಾ, ಮುಟ್ಟಲಾ?"

"ಹೂಂ."

ಟ್ಯೂಬು ಮುಂದಾದವನು ಅನುಮಾನಿಸಿ ನಿಂತ. ಏಡಿ ಕಾಲೆಳೆದುಕೊಂಡು ಬಂದು ಪಕ್ಕದಲ್ಲಿ ನಿಂತಿದ್ದಳು. ವೈದ್ಯರು ಎಕ್ಸ್‌ರೇ ನೋಡುವ ಹಾಗೆ ಆ ಅಗಲ ಬೆನ್ನನ್ನು ಮೇಲಿಂದ ಕೆಳತನಕ ನೋಡಿದಳು.

"ತಡಿಯೋ. ಇನ್ನೂ ಬೇಡ ಅಂತಿದೆ."

ಇಬ್ಬರೂ ಕಾದರು. ಕ್ಲಾಸೂ ಕಾದಿತು. ಯಜಮಾನರು ಒಂದು ಉಸಿರು ಬಿಟ್ಟರು, ಗಾಳಿ ತೆಗೆದ ಚಕ್ರದ ಹಾಗೆ, ಉದ್ದಕ್ಕೆ. ಭುಜ ಸ್ವಲ್ಪ ಇಳಿಯಿತು.

"ಈಗ ಹೂಂ ಅಂತಿದೆ," ಅಂದಳು ಏಡಿ.

ಟ್ಯೂಬು ಇಸ್ತ್ರಿ ಎಳೆದ. ಅವನ ಪುಟ್ಟ ಅಂಗೈಗೆ ಆ ಬೆನ್ನು ದೊಡ್ಡ ಮೈದಾನ. ಏಡಿಗೆ ಅವನ ಕೆಲಸ ಸರಿಬರಲಿಲ್ಲ. "ಅಲ್ಲಲ್ಲ, ಕತ್ತಿನ ಪಕ್ಕ. ಅಲ್ಲಿ ಗಂಟಿದೆ." "ಇಲ್ಲೇನಾ?" "ಅಲ್ಲ ಕಣೋ, ಈ ಕಡೆ." ಕೊನೆಗೆ ತಾಳ್ಮೆ ತಪ್ಪಿ ಅವನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಳು. ಅವಳ ಬೆರಳುಗಳು ಮೇಲೆದ್ದವು. ಬಾಗಿಲಲ್ಲಿ ನಿಂತಿದ್ದ ಹೆಡ್ ಮೇಡಂ ಒಂದು ಹೆಜ್ಜೆ ಒಳಗಿಟ್ಟರು. ಆ ಬೆರಳುಗಳ ಗುರುತನ್ನು ಎಷ್ಟೋ ತೋಳುಗಳ ಮೇಲೆ ಕಂಡವರು ಅವರು. ನಾನು ಕೈ ಅಡ್ಡ ಹಿಡಿದು ಅವರನ್ನು ತಡೆದೆ.

"ಮಾಮ," ಅಂದಳು ಏಡಿ. "ಇವನಿಗೆ ಗೊತ್ತಾಗ್ತಿಲ್ಲ. ನಾನು ಮುಟ್ಟಲಾ?"

"ಹೂಂ ಕಣಮ್ಮ."

ಏಡಿ ಎರಡು ಬೆರಳನ್ನು ಅವರ ಕತ್ತಿನ ಬುಡದಲ್ಲಿ ಇಟ್ಟಳು. ಬ್ಯಾಗಿನ ಮೇಲೆ ಅಷ್ಟು ದಿನ ಅಭ್ಯಾಸ ಮಾಡಿದ ಬೆರಳುಗಳು. ಚಿವುಟಲಿಲ್ಲ. ಬೆಕ್ಕು ಹೆಜ್ಜೆ ಇಟ್ಟ ಹಾಗೆ ಒಂದೊಂದೇ ಊರುತ್ತಾ ಗಂಟಿನ ಸುತ್ತ ನಡೆದವು. ನನ್ನ ಕಣ್ಣು ತುಂಬಿತು. ತುಂಬಿದರೆ ತುಂಬಲಿ ಅಂತ ಹಾಗೇ ನಿಂತೆ.

"ಏನ್ ಹೇಳ್ತೀರಿ ಯಜಮಾನ್ರೇ?" ಹೆಡ್ ಮೇಡಂ ಕೇಳಿದರು. "ಸಮಿತಿಗೆ ಏನಂತ ತಿಳಿಸೋಣ? ಈ ಹೊತ್ತು ಗಣಿತಕ್ಕೆ ಕೊಡೋದಾ, ಹೇಗೆ?"

ಯಜಮಾನರು ಕಣ್ಣು ಬಿಡಲಿಲ್ಲ. ಮಡಚಿದ ಕೈಗಳ ಮೇಲೆ ಗಲ್ಲ ಊರಿಕೊಂಡೇ ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸಿದರು. ತಲೆ ಮಾತ್ರ ತಿರುಗಿತು, ಮೈ ತಿರುಗಲಿಲ್ಲ.

"ಬೇಡ," ಅಂದರು.

"ಸರಿ," ಅಂದಿತು ಇಡೀ ಮೂರನೇ ಕ್ಲಾಸು.